ಸ್ಲ್ಯಾಬಿನ ದಿನದ ಸಾಲು

ತೊಂಬತ್ತರ ದಶಕದಲ್ಲಿ ಪುಣೆಯ ನಿಗಡಿಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದ ಕಟ್ಟಡಕ್ಕೆ ಯಾದಗಿರಿ ಕಡೆಯ ಆಳುಗಳನ್ನು ಕರೆತಂದವರು ಒಬ್ಬ ಮುಕಾದಮರು. ಮಾತು ತೋಚದಿದ್ದರೆ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದರು. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ಮೇಲೇರಬೇಕು, ನಡುವೆ ನಿಲ್ಲುವಂತಿಲ್ಲ. ಆ ಸಾಲಿನಲ್ಲಿ ಇವರು ಜಗಳಾಡಿದವರನ್ನೇ ಹುಡುಕಿ ಅಕ್ಕಪಕ್ಕ ನಿಲ್ಲಿಸುತ್ತಿದ್ದರು.

ಒಮ್ಮೆ ಅಣ್ಣತಮ್ಮಂದಿರ ಹೆಂಡಿರಾದ ನೆಗೆಣ್ಣಿಯರಿಬ್ಬರು ನೀರಿನ ಕೊಡಕ್ಕೆ ಜಗಳಾಡಿ ಊರಿಗೆ ಹೊರಡಲು ಗಂಟು ಕಟ್ಟಿದ್ದರು. ಅವರನ್ನೂ ಜೋಡಿ ಮಾಡಿದರು.

"ಬುಟ್ಟಿ ಬಿದ್ರ ಹ್ಯಾಂಗ್ರಿ?" ಎಂದೆ.

"ಬೀಳಂಗಿಲ್ರಿ ಸಾಹೇಬ್ರ. ಒಬ್ರ ಮಾರಿ ಒಬ್ರು ನೋಡಲಾರದ ಬುಟ್ಟಿ ಕೊಡಾಕ ಬರಂಗಿಲ್ಲ," ಎಂದು ಸಾಲಿನತ್ತ ತಿರುಗಿ ಕೂಗಿದರು: "ಮಾರಿ ನೋಡ್ರಿ, ಮಾರಿ!"

ಮಧ್ಯಾಹ್ನ ನೆಗೆಣ್ಣಿಯರು ಒಂದೇ ರೊಟ್ಟಿಗಂಟು ಬಿಚ್ಚಿಕೊಂಡು, ಒಂದೇ ದನಿಯಲ್ಲಿ ಮುಕಾದಮರನ್ನು ಬೈಯುತ್ತಿದ್ದರು.

ಮುಂದಿನ ಸ್ಲ್ಯಾಬಿನ ಹೊತ್ತಿಗೆ ಮುಕಾದಮರಿಗೂ ಅವರ ಹೆಂಡತಿಗೂ ಮಾತು ನಿಂತಿತ್ತು. ಆ ನೆಗೆಣ್ಣಿಯರೇ ಮುಕಾದಮರ ರಟ್ಟೆ ಹಿಡಿದು ಎಳೆತಂದು ಸಾಲಿನಲ್ಲಿದ್ದ ಹೆಂಡತಿಯ ಪಕ್ಕ ನಿಲ್ಲಿಸಿದರು. ಮೊದಲ ಬುಟ್ಟಿ ಬಂತು. ಇವರ ಕಣ್ಣು ಹೆಂಡತಿಯ ಮುಖ ಬಿಟ್ಟು ನೆಲದ ಮೇಲೆ. ಇಡೀ ಸಾಲು ಕೂಗಿತು: "ಮಾರಿ ನೋಡ್ರಿ, ಮಾರಿ!"

ಮುಕಾದಮರು ರುಮಾಲಿಗೆ ಕೈ ಹಾಕಲು ಹೋದರು. ಅಷ್ಟರಲ್ಲಿ ಹೆಂಡತಿ ನಗುತ್ತ ಆ ಕೈಗೇ ಬುಟ್ಟಿ ಕೊಟ್ಟಾಗಿತ್ತು.