ಹೆಣ್ಣಿನ ಕಡೆಯವರಿಗೆ ಬರೀ ಕಾಫಿ

ರಾಜಾಜಿನಗರದ ನಮ್ಮ ಕಾರ್ಖಾನೆಯಲ್ಲಿ ಸಿಬ್ಬಂದಿಯ ಫೈಲುಗಳು ನನ್ನ ಬಳಿ ಇರುತ್ತವೆ. ಗಂಡಿನ ಬಗ್ಗೆ ವಿಚಾರಿಸಲು ಹೆಣ್ಣಿನ ಕಡೆಯವರು ಬಂದರೆ ಕಾಫಿ ಕೊಟ್ಟು, ಸಂಬಳದಿಂದ ಹಿಡಿದು ಸ್ವಭಾವದವರೆಗೆ ಎಲ್ಲ ಹೇಳುತ್ತಿದ್ದೆ. ಈಗ ಹೊಸ ಡೇಟಾ ಕಾನೂನು ಬಂದಿದೆ, ಒಪ್ಪಿಗೆಯಿಲ್ಲದೆ ಯಾರ ವಿವರವನ್ನೂ ಹೊರಗಿನವರಿಗೆ ಕೊಡಬೇಡಿ ಎಂದರು ನಮ್ಮ ವಕೀಲರು. ಹಾಗಾಗಿ ಮೊನ್ನೆ ನಮ್ಮ ಫಿಟ್ಟರನ ಬಗ್ಗೆ ವಿಚಾರಿಸಲು ಕೆಂಗೇರಿಯಿಂದ ಬಂದ ಹುಡುಗಿಯ ತಂದೆಗೆ ಕಾಫಿ ಮಾತ್ರ ಕೊಟ್ಟೆ.

ಮರುದಿನ ಫಿಟ್ಟರ್ ಬಂದು ನಿಂತ. "ಅವ್ರಿಗೆ ಏನ್ ಹೇಳಿದ್ರಿ ಸಾರ್?"

"ಏನೂ ಹೇಳ್ಲಿಲ್ಲ ಕಣಯ್ಯ."

"ಅದಕ್ಕೇ ಸಾರ್, ಹುಡುಗನಲ್ಲಿ ಏನೋ ಐಬಿದೆ, ಸಂಬಂಧ ಬೇಡ ಅಂದ್ರಂತೆ."

ಕಾನೂನಿನ ವಿಷಯ ಹೇಳಿದೆ. ಅವನು ಅಲ್ಲೇ ಒಪ್ಪಿಗೆ ಪತ್ರ ಬರೆದುಕೊಟ್ಟು, "ನೀವೇ ಫೋನ್ ಮಾಡಿ ಹೇಳ್ಬಿಡಿ" ಎಂದ. ಆ ತಂದೆಯ ನಂಬರು ಗೇಟಿನ ರಿಜಿಸ್ಟರಿನಲ್ಲಿದೆ. ಅದನ್ನು ಸಂಬಂಧದ ಮಾತಿಗೆ ಬಳಸಲು ಅವರ ಒಪ್ಪಿಗೆ ಬೇಡವೇ? ಕೇಳೋಣವೆಂದರೆ, ಅದಕ್ಕೂ ಫೋನೇ ಮಾಡಬೇಕು.