ಹುರುಳಿ ಹಾಸಿದ ರಸ್ತೆಯಲ್ಲಿ ಹೊಸ ಫೋರ್ಕು

ಬೆಳಿಗ್ಗೆ ಆರೂವರೆಗೆ ರಾಮನಗರದ ನಮ್ಮ ಮನೆಯಿಂದ ಹೊರಟೆವು. ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೆಟ್ಟ ಹಾಗಿರಲಿ, ಬೀದಿಯ ಕೊನೆಯ ಹಾಲಿನ ಡೈರಿಯೂ ಕಾಣುತ್ತಿರಲಿಲ್ಲ. ಜೊತೆಗಿದ್ದವನು ನನ್ನ ಹೆಂಡತಿಯ ತಮ್ಮ ಲೋಕೇಶ. ಮಾಗಡಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ಹಿಂದಿನ ಸಂಜೆ ತನ್ನ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಗ್ಗದಲ್ಲಿ ಕಟ್ಟಿಸಿ, ಅದಕ್ಕೂ ಲಗೇಜ್ ಟಿಕೆಟ್ ತೆಗೆದುಕೊಂಡು ಬಂದಿದ್ದ. "ನಂಗೆ ಸೀಟಿಲ್ಲ, ಸೈಕಲ್ ಮಾತ್ರ ಮಲಗಿಕೊಂಡು ಬಂತು ಭಾವ" ಎಂದು ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ನಾನು ಬಿಡದಿಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಲೇತ್ ಮಷಿನ್ ನಡೆಸುವವನು. ಇಪ್ಪತ್ತೆರಡು ವರ್ಷದಿಂದ ಉಕ್ಕು ಕಡೆಯುತ್ತಿದ್ದೇನೆ. ಉಕ್ಕಿಗೆ ಒಂದು ಮರ್ಯಾದೆ ಇದೆ, ಮುರಿಯುವ ಮುಂಚೆ ಬಾಗಿ ಎಚ್ಚರಿಕೆ ಕೊಡುತ್ತದೆ. ಲೋಕೇಶ ಬೆಂಗಳೂರಿನಿಂದ ತಂದು ನನ್ನ ಮಗಳು ರೂಪಳ ಸೈಕಲ್ಲಿಗೆ ಹಾಕಿದ್ದ ಕಾರ್ಬನ್ ಫೋರ್ಕಿಗೆ ಆ ಮರ್ಯಾದೆ ಇಲ್ಲ ಎಂದು ಕೇಳಿದ್ದೆ. ಮುಂದಿನ ಚಕ್ರವನ್ನು ಎರಡು ಕಡೆಯಿಂದ ಹಿಡಿದುಕೊಳ್ಳುವ ಆ ಕವಲು ಮುರಿದರೆ ಒಂದೇ ಸಲಕ್ಕೆ ಪಟ್ಟೆಂದು ಮುರಿಯುತ್ತದಂತೆ. ಆಮೇಲೆ ಮೊದಲು ನೆಲ ಮುಟ್ಟುವುದು ಸವಾರನ ಮುಖ.

ರೂಪಳಿಗೆ ಹದಿನೇಳು. ಮುಂದಿನ ಭಾನುವಾರ ಅವಳಿಗೆ ರಾಜ್ಯದ ಸೈಕಲ್ ತಂಡದ ಆಯ್ಕೆಯ ಓಟವಿತ್ತು. ಹಳೆಯ ಸ್ಟೀಲ್ ಫೋರ್ಕಿನ ಅರ್ಧ ತೂಕವೂ ಇಲ್ಲದ ಈ ಹೊಸದು ಬಂದು ಹತ್ತು ದಿನವಾಗಿತ್ತು. "ಊರೊಳಗೆ ಮಟ್ಟ ರಸ್ತೆಯಲ್ಲಿ ಓಡಿಸು. ಕನಕಪುರದ ರಸ್ತೆಗೆ ಹೋದರೆ ಸೈಕಲ್ ಮಾರಿಬಿಡ್ತೀನಿ" ಎಂದು ನಾನು ಮೊದಲೇ ಗುಡುಗಿದ್ದೆ. ಆ ರಸ್ತೆಯಲ್ಲಿ ಕಲ್ಲು ಕ್ವಾರಿಯ ಲಾರಿಗಳ ಓಡಾಟ ವರ್ಷವರ್ಷಕ್ಕೂ ಹೆಚ್ಚುತ್ತಿತ್ತು. ಓಟಕ್ಕೆ ಮುಂಚೆ ಒಂದು ಇಡೀ ದಿನ ನಾನೇ ಅದರ ಮೇಲೆ ಕೂತು ನೋಡುತ್ತೇನೆ, ನಾನು ಹೂಂ ಅಂದರೆ ಮಾತ್ರ ಅವಳು ಅದರಲ್ಲಿ ಓಡಬೇಕು ಎಂದು ತೀರ್ಮಾನವಾಗಿತ್ತು. ಅಪ್ಪ ಮಗಳದು ಒಂದೇ ಎತ್ತರ. ಸೀಟನ್ನು ಎರಡು ಬೆರಳು ಏರಿಸಿದರೆ ಸಾಕಿತ್ತು.

ಹೊರಡುವಾಗ ರೂಪ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು.

"ಯಾವ ಕಡೆ ಹೋಗ್ತೀಯಪ್ಪಾ?"

"ಕನಕಪುರ, ಸಾತನೂರು, ಚನ್ನಪಟ್ಟಣ, ಮನೆ."

"ಹೈವೇಲೇ ಹೋಗಿ ಬರಬಾರ್ದಾ?"

"ಮಟ್ಟ ರಸ್ತೇಲಿ ಏನು ಪರೀಕ್ಷೆ ಆಯ್ತದೆ?" ಎಂದೆ.

ಫೋರ್ಕಿನ ಜೊತೆ ಇನ್ನೊಂದು ಶನಿಯನ್ನೂ ಲೋಕೇಶ ನನ್ನ ಕಾಲಿಗೆ ಕಟ್ಟಿದ್ದ. ಪೆಡಲಿಗೆ ಕಚ್ಚಿಕೊಳ್ಳುವ ಶೂ. ಅಟ್ಟೆಯ ಅಡಿಯಲ್ಲಿ ಒಂದು ಬಿಲ್ಲೆ, ತುಳಿದರೆ 'ಟಕ್' ಎಂದು ಪೆಡಲಿಗೆ ಅಂಟುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. "ಕಾಲು ಮೇಲೆ ಎಳೆದಾಗ್ಲೂ ಬಲ ಸಿಗ್ತದೆ ಭಾವ. ಮಗೀಗೂ ಇದೇ ತರ್ಸಾನಾ" ಎಂದ. ನಮ್ಮ ಬೀದಿಯ ತಿರುವು ದಾಟುವಷ್ಟರಲ್ಲಿ ಎರಡು ಸಲ ಕಾಂಪೌಂಡಿನ ಗೋಡೆ ಹಿಡಿದುಕೊಂಡೆ. ಕಾಲು ಕಟ್ಟಿಸಿಕೊಂಡು ಸೈಕಲ್ ಹತ್ತುವುದು ಯಾವ ಜಾಣತನವೋ ಎಂದು ಬೈದುಕೊಂಡೇ ಹೋದೆ.

ಕನಕಪುರಕ್ಕೆ ಸುಮಾರು ಇಪ್ಪತ್ತೇಳು ಕಿಲೋಮೀಟರು. ಕೈಲಾಂಚದ ಕಡೆಯ ಹಿಪ್ಪುನೇರಳೆ ತೋಟಗಳ ಸೊಪ್ಪಿನ ಮೇಲೆ ಮಂಜು ತೊಟ್ಟಿಕ್ಕುತ್ತಿತ್ತು. ಡೈರಿಗೆ ಹಾಲಿನ ಕ್ಯಾನು ಹೊತ್ತ ಮೊಪೆಡ್ಡುಗಳು ಮಂಜಿನೊಳಗಿಂದ ದಿಢೀರನೆ ಬರುತ್ತಿದ್ದವು. ಒಂದೊಂದು ಗುಂಡಿಗೂ ನನ್ನ ಕಿವಿ ಮುಂದಿನ ಚಕ್ರದ ಮೇಲೆ. ಲೋಕೇಶ ಹಿಂದಿನಿಂದ ಕೂಗುತ್ತಿದ್ದ. "ನಡುಕ ಕಮ್ಮಿ ಐತಾ ಭಾವ? ಕೈಗೆ ಗೊತ್ತಾಯ್ತದಾ?" ನಿಜ ಹೇಳಬೇಕು, ನಡುಕ ಬಹಳ ಕಡಿಮೆಯಿತ್ತು. ಒರಟು ಡಾಂಬರಿನ ಮೇಲೂ ಅಂಗೈ ಜುಮ್ಮೆನ್ನಲಿಲ್ಲ. ಅದೇ ನನಗೆ ಹೆದರಿಕೆ. ಇಷ್ಟು ಮೆತ್ತಗೆ ಇರುವುದು ಎಷ್ಟು ಗಟ್ಟಿ ಇದ್ದೀತು?

ಏಳೂವರೆಯ ಹೊತ್ತಿಗೆ ಒಂದು ಹಳ್ಳಿಯ ಇಳಿಜಾರಿನಲ್ಲಿ ಮಂಜು ಸ್ವಲ್ಪ ಹರಿಯಿತು. ತಿರುವು ದಾಟಿದರೆ ರಸ್ತೆಯ ಅರ್ಧಕ್ಕೆ ಹುರುಳಿ ಹಾಸಿದ್ದಾರೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವುದೇ. ಕಣ ಮಾಡಿ, ಸಗಣಿ ಸಾರಿಸಿ, ಗುಂಡು ಎಳೆಸುವ ಕಾಲ ಹೋಯಿತು. ಈಗ ಡಾಂಬರು ರಸ್ತೆಯೇ ಕಣ, ಬಸ್ಸು ಲಾರಿಗಳೇ ಎತ್ತು. ನಮ್ಮಪ್ಪನೂ ಹೀಗೇ ಹಾಸುತ್ತಿದ್ದ, ನಾನೂ ಮಂಕರಿ ಹೊತ್ತಿದ್ದೇನೆ. ಹಾಗಿದ್ದೂ ಬ್ರೇಕ್ ಹಿಡಿಯುವ ಬದಲು, ಇದೇನು ಮಹಾ ಎಂದು ಅದರ ಮೇಲೇ ಬಿಟ್ಟೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು ಪೆಡಲು ಗಕ್ಕನೆ ನಿಂತಿತು. ಹಿಮ್ಮಡಿ ತಿರುಗಿಸಬೇಕೆಂದು ತಲೆಗೆ ಹೊಳೆಯುವಷ್ಟರಲ್ಲಿ ಸೈಕಲ್ಲಿನ ಸಮೇತ ಬಲಕ್ಕೆ ದೊಪ್ಪೆಂದು ಬಿದ್ದಿದ್ದೆ.

ಹಿಂದೆ ಬರುತ್ತಿದ್ದ ಲಾರಿಯ ಹಾರನ್ ಕೇಳಿಸಿತು. ಎರಡು ಕಾಲೂ ಪೆಡಲಿಗೆ ಅಂಟಿಕೊಂಡೇ ಇದ್ದವು. ಲಾರಿ ಇನ್ನೊಂದು ಮಗ್ಗುಲಿನಿಂದ ಹಾದುಹೋಯಿತು. ಅದರ ಗಾಳಿಗೆ ಹುರುಳಿ ಹೊಟ್ಟು ಮುಖಕ್ಕೆ ಹಾರಿತು. ಲೋಕೇಶ ಓಡಿ ಬಂದು ನನ್ನ ಪಾದ ತಿರುಚಿ ಬಿಡಿಸಿದ.

ಮಂಕರಿ ಹಿಡಿದಿದ್ದ ಒಬ್ಬ ಹೆಂಗಸು ಬಂದು ನಿಂತಳು. "ಅಯ್ಯೋ ನಮ್ಮಪ್ಪ, ಲಾರಿ ಓಡಾಡೋಕೆ ಹಾಕಿದ್ರೆ ನೀವು ಬಂದು ಮನೀಕಂಡ್ರಾ? ಏಟಾಯ್ತಾ?"

"ರಸ್ತೆ ಏನು ನಿಮ್ಮಪ್ಪನ ಮನೇದಾ?" ಎಂದು ಲೋಕೇಶ ರೇಗಿದ.

"ಓಹೋ, ನೀನು ಮುದ್ದೆಗೆ ಹುರುಳಿ ಸಾರು ಉಣ್ಣಾಕಿಲ್ವೇನೋ!" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ, "ನಿಮ್ಮ ಪುಣ್ಯ ಚೆನ್ನಾಗೈತೆ ಕಣಪ್ಪ. ಅಂಚಿಗೆ ಸಾಲಾಗಿ ದಪ್ಪ ಕಲ್ಲಿಟ್ಟಿದ್ದೋ. ಹೋದ ವಾರ ಇಂಗೇ ಸೈಕಲ್ನಲ್ಲಿ ಬಂದು ಒಬ್ರು ಕಲ್ಲಿನ ಮ್ಯಾಕೇ ಬಿದ್ರು ಅಂತ ನಮ್ಮತ್ತೆ ಹೇಳುದ್ಲು. ಅದುಕ್ಕೇ ಕಲ್ಲೆಲ್ಲಾ ತೆಗೆಸ್ಬುಟ್ಟೋ" ಎಂದಳು. ನಾನು ಬಿದ್ದಿದ್ದು ಗೇಣೆತ್ತರದ ಹುರುಳಿಯ ಮೇಲೆ. ಬಲಮೊಣಕೈ ತರಚಿತ್ತು, ಅಷ್ಟೆ. ಆ ಜಾಗದಲ್ಲಿ ಕಲ್ಲಿದ್ದಿದ್ದರೆ? ಅವಳು ಕೊಟ್ಟ ನೀರು ಅರ್ಧ ಅಂಗಿಯ ಮೇಲೇ ಚೆಲ್ಲಿತು.

ಗೇರಿನಿಂದ ಬಳ್ಳಿ ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಫೋರ್ಕನ್ನು ಇಬ್ಬರೂ ಕಣ್ಣಿಟ್ಟು ನೋಡಿದೆವು. ಎಲ್ಲೂ ಏನೂ ಇಲ್ಲ. ಫೋರ್ಕಿನ ಎಡಗಾಲಿಗೆ ಸುತ್ತಿದ್ದ ಲೋಕೇಶನ ಅಂಗಡಿಯ ಕೆಂಪು ಸ್ಟಿಕ್ಕರು ಮಿಂಚುತ್ತಿತ್ತು. "ಬಿದ್ದಿದ್ದು ಅಕ್ಕಂಗೆ ಹೇಳೋದು ಬ್ಯಾಡ ಭಾವ. ಸೈಕಲ್ನೂ ಬುಡ್ಸ್ತಾಳೆ, ನನ್ನೂ ಬುಡ್ಸ್ತಾಳೆ" ಎಂದ. ನಾನೂ ಒಪ್ಪಿದೆ. ಅಂಗಿಯ ತೋಳು ಇಳಿಬಿಟ್ಟು ಗುಂಡಿ ಹಾಕಿಕೊಂಡೆ.

ಕನಕಪುರದಲ್ಲಿ ಬಸ್‌ ನಿಲ್ದಾಣದ ಹತ್ತಿರ ಇಡ್ಲಿ, ವಡೆ, ಕಾಫಿ. ಇಬ್ಬರಿಗೂ ಸೇರಿ ಐವತ್ತು ರೂಪಾಯಿ ದಾಟಲಿಲ್ಲ. ಅಲ್ಲಿಂದ ಸಾತನೂರಿಗೆ ಹದಿನೇಳು ಕಿಲೋಮೀಟರು. ರಸ್ತೆ ಅಗಲ ಮಾಡುತ್ತೇವೆಂದು ಅಲ್ಲಲ್ಲಿ ಕಿತ್ತು ಜಲ್ಲಿ ಸುರಿದಿದ್ದರು. ಇಲ್ಲಿ ಲೋಕೇಶನ ಸೈಕಲ್ಲಿನ ಹೊಸ ಟೈರು ತನ್ನ ಕೈಚಳಕ ತೋರಿಸಿತು. ನನ್ನ ಟೈರಿಗಿಂತ ಒಂದೂವರೆಪಟ್ಟು ದಪ್ಪ, ಮೈಯೆಲ್ಲ ಸಣ್ಣ ಉಬ್ಬು. ಗಾಳಿ ಒಸಿ ಇಳಿಸಿದರೆ ಜಲ್ಲಿಯ ಮೇಲೆ ಜಾರದೆ ಹೋಗುತ್ತದೆ. ನನ್ನ ಬೆರಳು ದಪ್ಪದ ಟೈರು ಕಲ್ಲು ಕಂಡರೆ ಕುಣಿಯುತ್ತಿತ್ತು. "ಒಳ್ಳೆ ರಸ್ತೇಲಿ ಇದು ಎಳೀತದೆ, ಭಾರ" ಎಂದು ತನ್ನ ಮಾಲಿನ ದೋಷವನ್ನೂ ಅವನೇ ಹೇಳಿದ. ಅವನಲ್ಲಿ ಆ ಗುಣವಿದೆ. ಆದರೆ ಒಮ್ಮೆ ಬಿದ್ದವನಿಗೆ ಎಲ್ಲವೂ ಹೆದರಿಕೆಯೇ. ಹಾವು ತುಳಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರಲ್ಲ, ಜಲ್ಲಿ ಕಂಡಲ್ಲೆಲ್ಲ ಮೊದಲೇ ಒಂದು ಕಾಲು ಬಿಡಿಸಿಕೊಂಡು ಹೋದೆ.

ಸಾತನೂರಿನಲ್ಲಿ ಮುದ್ದೆ, ಅವರೆಕಾಳು ಸಾರು ಉಂಡು ಚನ್ನಪಟ್ಟಣದ ಕಡೆ ತಿರುಗಿದೆವು. ಇಪ್ಪತ್ತೆರಡು ಕಿಲೋಮೀಟರು, ಬಿಸಿಲು ಚುರುಕಾಗಿತ್ತು. ಒಂದು ಉದ್ದನೆಯ ಇಳಿಜಾರಿನಲ್ಲಿ ಸೈಕಲ್ಲು ತಾನಾಗಿ ಓಡತೊಡಗಿತು. ಬ್ರೇಕ್ ಹಿಡಿದೆ. ಮುಂದಿನಿಂದ 'ಟಿಕ್' ಎಂದಿತು. ಬಿಟ್ಟೆ. ಮತ್ತೆ ಹಿಡಿದೆ. 'ಟಿಕ್'.

ಲೇತಿನಲ್ಲಿ ಅಂಥ ಸದ್ದು ಬಂದರೆ ನಾವು ಮೊದಲು ಮಷಿನ್ ನಿಲ್ಲಿಸುತ್ತೇವೆ, ಆಮೇಲೆ ಯೋಚಿಸುತ್ತೇವೆ. ಇಳಿಜಾರಿನಲ್ಲಿ ನಿಲ್ಲಿಸುವುದು ಹೇಗೆ? ಜೋರಾಗಿ ಹಿಡಿದರೆ ಫೋರ್ಕಿನ ಮೇಲೇ ಭಾರ, ಹಿಡಿಯದಿದ್ದರೆ ಕೆಳಗೆ ಸೇತುವೆಯ ಕಲ್ಲುಗೋಡೆ. ಬೆನ್ನ ಹಿಂದೆ ಲಾರಿಯೊಂದು ಹಾರನ್ ಬಡಿಯುತ್ತಿತ್ತು. ಹಿಂದಿನ ಬ್ರೇಕೊಂದನ್ನೇ ಹಿಡಿದು, ಮನೆದೇವರನ್ನು ನೆನೆದು, ಮೈಯ ಭಾರವನ್ನೆಲ್ಲ ಹಿಂದಕ್ಕೆ ತಳ್ಳಿ ಹೇಗೋ ಇಳಿದೆ. "ಬ್ರೇಕಿನ ರಬ್ಬರ್ ಹೊಸದು ಭಾವ, ಅದ್ರ ಸದ್ದು" ಎಂದ ಲೋಕೇಶ. ಅವನ ಮಾತು ನಂಬಲು ಇಷ್ಟವಿತ್ತು, ಆಗಲಿಲ್ಲ. ಉಳಿದ ದಾರಿಯನ್ನೆಲ್ಲ ಎತ್ತಿನ ಗಾಡಿ ಹಿಂದೆ ಹಾಕಿದರೂ ಚಿಂತೆಯಿಲ್ಲ ಎನ್ನುವ ವೇಗದಲ್ಲಿ ನಡೆಸಿದೆ.

ಚನ್ನಪಟ್ಟಣದಲ್ಲಿ ಗೌಸ್ ಸಾಬರ ಮನೆಗೆ ಹೋದೆವು. ಮೂವತ್ತು ವರ್ಷದಿಂದ ಬೊಂಬೆ ಕಡೆಯುವವರು. ಅವರ ಉಳಿಗಳಿಗೆ ಒಳ್ಳೆ ಉಕ್ಕು ಹುಡುಕಿ ಸಾಣೆ ಹಿಡಿದು ಕೊಡುವವನು ನಾನೇ. ಅವರದೂ ಲೇತೇ, ಕಡೆಯುವುದು ಮಾತ್ರ ಮೆತ್ತನೆಯ ಆಲೆ ಮರ. ಅವರು ಮಷಿನಿಗೆ ಹಾಕುವ ಮುಂಚೆ ಪ್ರತಿ ಮರದ ತುಂಡನ್ನೂ ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾರೆ. ಒಳಗೆ ಬಿರುಕಿದ್ದರೆ ತಿರುಗುವಾಗ ಸೀಳಿ ಮುಖಕ್ಕೆ ಹಾರುತ್ತದೆ. ಕಣ್ಣು ಸುಳ್ಳು ಹೇಳಬಹುದು, ಸದ್ದು ಹೇಳುವುದಿಲ್ಲ ಎನ್ನುವುದು ಅವರ ಮಾತು.

"ಇದು ಮರಾನಾ, ಕಬ್ಬಿಣಾನಾ?" ಎಂದರು.

"ಎರಡೂ ಅಲ್ಲ. ನೀವೇ ತಟ್ಟಿ ನೋಡಿ."

ಮುಂದಿನ ಚಕ್ರ ಬಿಚ್ಚಿ ಫೋರ್ಕನ್ನು ಎದುರಿಗಿಟ್ಟೆವು. ಸಾಬರು ಹೆಂಡತಿಗೆ ಮಿಕ್ಸಿ ನಿಲ್ಲಿಸಲು ಹೇಳಿದರು. ಬಲಗಾಲನ್ನು ಮೇಲಿಂದ ಕೆಳಗೆ ಉಗುರಿನಲ್ಲಿ ತಟ್ಟುತ್ತ ಬಂದರು. ಟಣ್, ಟಣ್, ಟಣ್. ಎಡಗಾಲು. ಟಣ್, ಟಣ್, ಆಮೇಲೆ ದಪ್. ಮತ್ತೆ ತಟ್ಟಿದರು. ದಪ್. ಸದ್ದು ಸತ್ತಿದ್ದು ಸರಿಯಾಗಿ ಆ ಕೆಂಪು ಸ್ಟಿಕ್ಕರಿನ ಮೇಲೆ.

"ಇದು ಯಾರು ಅಂಟಿಸಿದ್ದು?" ಎನ್ನುತ್ತ ಉಗುರಿನಿಂದಲೇ ಸುಲಿದರು. ಅಡಿಯಲ್ಲಿ ಆಳವಾದ ಗೀರು. ಗೀರಿನಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಅರ್ಧ ಸುತ್ತು ಹೋಗಿತ್ತು. "ಇದ್ರ ಮೇಲೆ ಕೂತು ಬಂದ್ರಾ? ಅಲ್ಲಾ ಕಾಪಾಡಿದ."

ನನಗೆ ಬಂದದ್ದು ಸಿಟ್ಟು. "ಲೇ, ನಿನ್ನ ಅಂಗಡಿ ಸ್ಟಿಕ್ಕರು ಕಣ್ಲಾ ಇದು! ಒಡೆದ ಮಾಲು ತಂದು ಮೇಲೆ ಬಣ್ಣದ ಕಾಗದ ಅಂಟಿಸಿ ನನ್ನ ಮಗಳಿಗೆ ಕೊಟ್ಯಾ?"

ಲೋಕೇಶನ ಮುಖ ಬಿಳಿಚಿಕೊಂಡಿತು. "ನಮ್ಮಪ್ಪನಾಣೆ ಭಾವ, ನಾನು ಅಂಟಿಸಿಲ್ಲ. ನಾನು ಹಾಕ್ದಾಗ ಚೆನ್ನಾಗೇ ಇತ್ತು. ರೂಪ ನಂಗೆ ಮಗಳಲ್ವಾ?" ಎಂದ. ನಾನು ಕೇಳಲಿಲ್ಲ. ಸೋದರಮಾವನೇ ಹೀಗೆ ಮಾಡಿದರೆ ಹೊರಗಿನವರನ್ನು ಏನೆನ್ನುವುದು ಎಂದು ಸಾಬರ ಮುಂದೆಯೇ ಆಡಬಾರದ್ದನ್ನೆಲ್ಲ ಆಡಿದೆ. ಕೊನೆಗೆ ಉಳಿದ ಹನ್ನೆರಡು ಕಿಲೋಮೀಟರನ್ನು ನಾನು ಗೂಡ್ಸ್ ಆಟೋದಲ್ಲಿ, ಅವನು ತನ್ನ ಸೈಕಲ್ಲಿನಲ್ಲಿ ಹಿಂದೆ ಹಿಂದೆ, ಬಂದೆವು. ಆಟೋದವನು ನೂರಿಪ್ಪತ್ತು ಕೇಳಿದ, ಚೌಕಾಸಿ ಮಾಡಲೂ ಮನಸ್ಸಿರಲಿಲ್ಲ.

ನಾಲ್ಕು ಗಂಟೆಗೆ ಮನೆ ಮುಟ್ಟಿದೆ. ರೂಪ ಬಾಗಿಲಲ್ಲೇ ಇದ್ದಳು. ಸೈಕಲ್ಲನ್ನು ಆಟೋದಿಂದ ಇಳಿಸುವುದನ್ನು ನೋಡಿ, "ಬಿದ್ಯಾಪ್ಪಾ?" ಎಂದಳು.

"ಹುರುಳಿ ಮೇಲೆ ಬಿದ್ದೆ. ನಂದಿರಲಿ, ಫೋರ್ಕು ಸೀಳಿದೆ" ಎಂದೆ.

ಅವಳ ಬಲಗೈ ತಾನಾಗಿ ಎಡಮೊಣಕೈಯನ್ನು ಮುಟ್ಟಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆಗ ನನಗೆ ಹೊಳೆಯಿತು. ನಾನು ಬಿದ್ದಿದ್ದು ಬಲಕ್ಕೆ. ಬಿರುಕಿದ್ದದ್ದು ಫೋರ್ಕಿನ ಎಡಗಾಲಿನಲ್ಲಿ. ಹೋದ ವಾರ ಕಲ್ಲಿನ ಮೇಲೆ ಯಾರೋ ಬಿದ್ದಿದ್ದರು.

"ಸ್ವೆಟರ್ ತೋಳು ಎತ್ತು."

ಎತ್ತಿದಳು. ಮೊಣಕೈಯಿಂದ ಮುಂಗೈವರೆಗೆ ಕಪ್ಪುಗಟ್ಟಿದ ಗಾಯ. "ಕನಕಪುರದ ರಸ್ತೆಗೆ ಹೋದ್ರೆ ಸೈಕಲ್ ಮಾರ್ತೀನಿ ಅಂತ ನೀನು ಅಂದಿದ್ದೆ, ಅದಕ್ಕೇ ಬಿದ್ದಿದ್ದು ಹೇಳ್ಲಿಲ್ಲ. ಗೀರು ಅಷ್ಟೇ ಅನ್ಕೊಂಡೆ ಅಪ್ಪಾ. ಮಾವ ಕೊಟ್ಟಿದ್ದ ಸ್ಟಿಕ್ಕರ್ ಅಂಟಿಸ್ದೆ" ಎಂದು ಅಳತೊಡಗಿದಳು. ಆ ಬಿರುಕಿನ ಮೇಲೆ ನನ್ನ ಮಗಳು ಒಂದು ವಾರ ಓಡಾಡಿದ್ದಳು. ಇಳಿಜಾರಿನಲ್ಲಿ ಹೆದರಿದ್ದಕ್ಕಿಂತ ಹೆಚ್ಚಾಗಿ ನಾನು ಹೆದರಿದ್ದು ನಮ್ಮ ಮನೆಯ ಹೊಸ್ತಿಲಲ್ಲಿ. ಅವಳು ಅಲ್ಲಿ ಬಿದ್ದಿರದಿದ್ದರೆ ಆ ಕಲ್ಲುಗಳು ನನಗಾಗಿ ಕಾದಿರುತ್ತಿದ್ದವು.

ಲೋಕೇಶ ಬೆವರುತ್ತ ಗೇಟಿನೊಳಗೆ ಬಂದ. ನಾನು ಅವನ ಕೈ ಹಿಡಿದುಕೊಂಡೆ. "ತಪ್ಪು ನಂದು ಕಣೋ" ಎಂದೆ. ರೂಪಳ ತೋಳು ನೋಡಿ ಅವನಿಗೂ ಅರ್ಥವಾಯಿತು. "ಹಳೇ ಸ್ಟೀಲ್ ಫೋರ್ಕು ಅಟ್ಟದ ಮೇಲೈತಾ ಭಾವ? ತನ್ನಿ, ಈಗ್ಲೇ ಹಾಕ್ತೀನಿ" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡ.

"ಅದು ಭಾರ, ಸೋತ್ಬುಡ್ತೀನಿ" ಎಂದಳು ರೂಪ.

"ಸೋತ್ರೂ ಮನೆಗೆ ಬತ್ತೀಯಲ್ಲವ್ವ" ಎಂದೆ. "ಇನ್ಮೇಲೆ ಬಿದ್ರೆ ಬಂದು ಹೇಳ್ಬೇಕು. ಬೈದ್ರೆ ಬೈಸ್ಕೋ. ಮುಚ್ಚಿಡಬ್ಯಾಡ."

ಅವಳು ಮೂಗು ಸೀಟಿಕೊಂಡು ನನ್ನ ಗುಂಡಿ ಹಾಕಿದ ಬಲತೋಳಿನ ಕಡೆ ನೋಡಿದಳು. ರಕ್ತ ಬಟ್ಟೆಗೆ ಒಸರಿತ್ತು. "ಅಮ್ಮಂಗೆ ನೀನು ಹೇಳ್ತೀಯಾ?"

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು. "ಏನ್ರೀ ಅದು, ನಂಗೆ ಹೇಳೋದು?"

ನಾನು ಲೋಕೇಶನ ಮುಖ ನೋಡಿದೆ. ಅವನು ಚಪ್ಪರದ ಕಡೆ ನೋಡಿದ. ನಾನು ತೋಳಿನ ಗುಂಡಿ ಬಿಚ್ಚಿ ಅಂಗಿಯನ್ನು ಮೇಲಕ್ಕೆ ಮಡಿಸಿದೆ. ರೂಪಳನ್ನು ಪಕ್ಕಕ್ಕೆ ಕರೆದುಕೊಂಡು, ಅಪ್ಪನ ಬಲಗೈ, ಮಗಳ ಎಡಗೈ ಮುಂದೆ ಚಾಚಿಕೊಂಡು ಇಬ್ಬರೂ ಅಡುಗೆಮನೆಯ ಒಳಕ್ಕೆ ಹೋದೆವು.