ಬಾಯಿ ಮೇಲೆ ಬೆರಳು

ಶಾಲೆ ಬಿಡುವ ಹೊತ್ತಿಗೆ ಎದುರಿನ ಕಾಫಿ ತೋಟದಿಂದ ಕಾಡಾನೆಯೊಂದು ರಸ್ತೆಗಿಳಿಯಿತು. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ನಾವು ವಿದ್ಯಾವಂತ ಪೋಷಕರು ಮೊದಲು ಮೊಬೈಲ್ ತೆಗೆದೆವು, ಆಮೇಲೆ ಕೂಗಿದೆವು. ಎಂಜಿನಿಯರ್ ಒಬ್ಬರು ಜೀಪಿನ ಹಾರ್ನ್ ಒತ್ತಿಹಿಡಿದರು. ತನ್ನ ಪಾಡಿಗೆ ರಸ್ತೆ ದಾಟುತ್ತಿದ್ದ ಆನೆ ನಿಂತು ನಮ್ಮ ಕಡೆ ತಿರುಗಿತು.

ಸುಂಟಿಕೊಪ್ಪದ ಹತ್ತಿರದ ಈ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯ ಪೋಷಕರ ಸಭೆಯಲ್ಲಿ ಹಿಂದಿನ ವಾರವಷ್ಟೇ ನಾನು ಎದ್ದು ನಿಂತು ಗುಡುಗಿದ್ದೆ: "ಸಿಸ್ಟರ್, ಕ್ವಾಲಿಟಿ ಎಜುಕೇಶನ್ ಅಂತೀರಿ. ಬಾಯಿ ಮೇಲೆ ಬೆರಳಿಟ್ಟು ಲೈನಲ್ಲಿ ನಿಲ್ಲೋದು ಬಿಟ್ರೆ ಮಕ್ಕಳಿಗೆ ಏನ್ ಕಲಿಸಿದ್ದೀರಿ?" ಮುಖ್ಯೋಪಾಧ್ಯಾಯಿನಿ ಸಿಸ್ಟರ್ ನಕ್ಕಿದ್ದರು.

ಈಗ ಅವರು ಅಂಗಳದಲ್ಲಿ ನಿಂತು ಸುಮ್ಮನೆ ತುಟಿಯ ಮೇಲೆ ಬೆರಳಿಟ್ಟರು. ಅಷ್ಟೂ ಮಕ್ಕಳು ಬೆರಳಿಟ್ಟು, ಸಾಲಾಗಿ, ಒಂದು ಚಪ್ಪಲಿಯ ಸದ್ದೂ ಇಲ್ಲದೆ ತರಗತಿಯೊಳಗೆ ನಡೆದರು. ನಾವು ಎದ್ದೆವೋ ಬಿದ್ದೆವೋ ಎಂದು ಓಡಿ, ಎಲ್ಲರೂ ಒಟ್ಟಿಗೇ ನುಗ್ಗಿ, ಚಿಕ್ಕ ಗೇಟಿನಲ್ಲಿ ಸಿಕ್ಕಿಕೊಂಡೆವು. ಆನೆ ಸ್ವಲ್ಪ ಹೊತ್ತು ನಮ್ಮನ್ನು ನೋಡಿ, ಬೇಸರವಾಯಿತೇನೋ, ಪಕ್ಕದ ತೋಟಕ್ಕಿಳಿಯಿತು.

ಹೊರಗೆ ಬಂದ ನನ್ನ ಎರಡನೇ ಕ್ಲಾಸಿನ ಮಗಳು ಮೆಲ್ಲಗೆ ಹೇಳಿದಳು, "ಪಪ್ಪಾ, ಇದನ್ನ ಯುಕೆಜಿಯಲ್ಲೇ ಹೇಳಿಕೊಡ್ತಾರೆ."

ಶಾಲೆಯ ಗುಣಮಟ್ಟದ ಬಗ್ಗೆ ಈಗ ನನ್ನ ತಕರಾರಿಲ್ಲ. ಅಂದಿನ ವಿಡಿಯೊ ಫೋನಿನಲ್ಲಿ ಹಾಗೇ ಇದೆ. ಅದರಲ್ಲಿ ಆನೆ ಎಲ್ಲೂ ಕಾಣಿಸುವುದಿಲ್ಲ, ನನ್ನ ಕಿರುಚಾಟ ಮಾತ್ರ ಬಹಳ ಸ್ಪಷ್ಟವಾಗಿ ಕೇಳಿಸುತ್ತದೆ.